ಕೂತಲ್ಲೇ ತಲೆ ತಿರುಗಿಸಿದವಳು

ಎಲಿಜಬೆತ್ ಸಿಡಲ್ ಎಂದರೆ ಚಿತ್ರಕಾರ ಮಿಲೇಯ 'ಒಫೀಲಿಯಾ'ಗಾಗಿ ನೀರಿನ ತೊಟ್ಟಿಯಲ್ಲಿ ಮಲಗಿದ ರೂಪದರ್ಶಿ, ಕಲಾವಿದ ರೊಸೆಟ್ಟಿಯ ಹೆಂಡತಿ, 1862ರಲ್ಲಿ ಲಾಡನಂ ಎಂಬ ಅಫೀಮಿನ ಮದ್ದು ಮಿತಿಮೀರಿ ತೀರಿಕೊಂಡ ದುರ್ದೈವಿ. ಈ ಕಥೆಯ ಅಬ್ಬರದಲ್ಲಿ ಅವಳ ಕೈ ಏನು ಮಾಡಿತೆಂದು ನೋಡುವ ವ್ಯವಧಾನವೇ ನಮಗೆ ಉಳಿದಿಲ್ಲ. ಕವಿ ಟೆನಿಸನ್ನನ ಪದ್ಯವನ್ನು ಓದಿ 1853ರಲ್ಲಿ ಅವಳು ಮಸಿಯಲ್ಲಿ ಬರೆದ ಪುಟ್ಟ ರೇಖಾಚಿತ್ರ 'ದಿ ಲೇಡಿ ಆಫ್ ಶಲಾಟ್' ಆ ಪದ್ಯಕ್ಕೆ ಸಿಕ್ಕ ಅತ್ಯುತ್ತಮ ಓದು ಎಂದೇ ನನ್ನ ವಾದ.

ಪದ್ಯದ ನಾಯಕಿ ಶಾಪಕ್ಕಂಜಿ ಹೊರಗನ್ನು ಕನ್ನಡಿಯಲ್ಲಷ್ಟೇ ನೋಡುತ್ತ ನೇಯುವವಳು. ಒಂದು ದಿನ ಅವಳು ಮಗ್ಗ ಬಿಟ್ಟೇಳುತ್ತಾಳೆ, ಮೂರು ಹೆಜ್ಜೆ ನಡೆದು ಹೊರಗೆ ನೋಡುತ್ತಾಳೆ. ಆಮೇಲೆ ಕನ್ನಡಿ ಸೀಳುತ್ತದೆ. ಸಿಡಲ್ ಆ ಹೆಜ್ಜೆಗಳನ್ನು ಅಳಿಸಿಬಿಟ್ಟಳು. ಇಲ್ಲಿ ಹೆಂಗಸು ಕೂತೇ ಇದ್ದಾಳೆ, ತಿರುಗಿದ್ದು ತಲೆಯಷ್ಟೇ. ನೂಲು ಚಿಮ್ಮುತ್ತಿದೆ, ಹಿಂದೆ ಕನ್ನಡಿ ಒಡೆದಿದೆ, ಅವಳ ಮೈಯಲ್ಲಿ ಮಾತ್ರ ಗಾಬರಿಯ ಸುಳಿವಿಲ್ಲ. ಶಾಪವನ್ನು ಬರಮಾಡಿಕೊಂಡದ್ದು ಬರೀ ನೋಟ. ಇನ್ನೂ ಸೂಕ್ಷ್ಮವಾದದ್ದು ಅವಳು ನೋಡುವ ಯೋಧ ಲಾನ್ಸಲಾಟನನ್ನು ಇಟ್ಟ ಜಾಗ. ಅವಳು ಅವನನ್ನು ಕಿಟಕಿಯಲ್ಲಿ ನೇರವಾಗಿ ಕಾಣುತ್ತಾಳೆ. ನಮಗೆ ಅವನು ಸಿಗುವುದು ಒಡೆದ ಕನ್ನಡಿಯಲ್ಲಿ. ಅವಳು ಬಿಟ್ಟುಬಂದ ಪ್ರತಿಬಿಂಬದ ಸೆರೆಗೆ ಈಗ ನೋಡುಗರು ಬಿದ್ದಿದ್ದಾರೆ. ಪದ್ಯದಲ್ಲಿಲ್ಲದ ಶಿಲುಬೆಯನ್ನೂ ಸಿಡಲ್ ಕಿಟಕಿಯ ಬಳಿ ತಂದಿಟ್ಟಿದ್ದಾಳೆ. ಅದು ಆ ಹೆಂಗಸನ್ನು ತಡೆಯುವುದಿಲ್ಲ.

ಅಂಗರಚನೆ ಬಿಗಿಯಾಗಿಲ್ಲ, ಪೀಠೋಪಕರಣಗಳ ಪರ್ಸ್ಪೆಕ್ಟಿವ್ ತೊಡರುತ್ತದೆ, ಒಪ್ಪುತ್ತೇನೆ. ಆದರೆ ಇಷ್ಟನ್ನೇ ಹಿಡಿದು 'ರೊಸೆಟ್ಟಿಯ ನೆರಳು' ಎಂದು ಷರಾ ಬರೆಯುವವರು ಈ ಜಾಣ್ಮೆಯನ್ನು ಯಾವ ಗುರುವಿನ ಲೆಕ್ಕಕ್ಕೆ ಹಾಕುತ್ತಾರೆ? ಇತ್ತ, ಸ್ತ್ರೀವಾದಿ ಕಲಾ ಇತಿಹಾಸಕಾರರ ಋಣ ದೊಡ್ಡದು. ಗ್ರಿಸೆಲ್ಡಾ ಪೊಲಾಕ್, ಡೆಬೊರಾ ಚೆರಿ, ಜಾನ್ ಮಾರ್ಷ್ ಇವರಿಲ್ಲದಿದ್ದರೆ ಸಿಡಲ್ ಇನ್ನೂ ತೊಟ್ಟಿಯಲ್ಲೇ ಇರುತ್ತಿದ್ದಳು. ಆದರೂ ಮಗ್ಗದ ಮುಂದಿರುವವಳು ಸ್ವತಃ ಸಿಡಲ್ ಎನ್ನುವ ಆತ್ಮಕಥನದ ಓದು ನನಗೆ ಒಗ್ಗದು. ಅದು ಕಲಾವಿದೆಯನ್ನು ಮತ್ತೆ ರೂಪದರ್ಶಿಯನ್ನಾಗಿಸುತ್ತದೆ. ಹೆಜ್ಜೆಗಳನ್ನು ಅಳಿಸಿದ್ದು ಅವಳ ದುಃಖವಲ್ಲ, ಅವಳ ಬುದ್ಧಿ.

ಪ್ರಕಾಶಕ ಮಾಕ್ಸನ್ 1857ರಲ್ಲಿ ಹೊರತಂದ ಸಚಿತ್ರ ಟೆನಿಸನ್ ಸಂಪುಟದಲ್ಲಿ ಇದೇ ಪದ್ಯಕ್ಕೆ ಚಿತ್ರಕಾರ ಹಂಟ್ ಬರೆದ ಚಿತ್ರವಿದೆ: ಕೆದರಿ ಹಾರುವ ಕೂದಲು, ಮೈಗೆ ಸುತ್ತಿಕೊಂಡ ನೂಲು, ಗೋಳು. ರೊಸೆಟ್ಟಿಯದೂ ಇದೆ; ಅದರಲ್ಲಿ ಪದ್ಯದ ಹೆಂಗಸು ಆಗಲೇ ಸತ್ತಿದ್ದಾಳೆ, ನೋಡುತ್ತಿರುವವನು ಲಾನ್ಸಲಾಟ್. ಸಿಡಲ್ಳ ಒಂದು ಚಿತ್ರವೂ ಆ ಸಂಪುಟದಲ್ಲಿಲ್ಲ.