ಟೀವಿಯಲ್ಲಿ ಮತ್ತೆ ‘ನಾಗರಹಾವು’
ಟೀವಿಯಲ್ಲಿ ‘ನಾಗರಹಾವು’ ಬರುತ್ತಿದ್ದರೆ ಚಾನೆಲ್ ಬದಲಿಸಲು ಕೈ ಏಳುವುದಿಲ್ಲ. 1972ರ ಚಿತ್ರ, ಕಥೆ ಎಲ್ಲರಿಗೂ ಬಾಯಿಪಾಠ. ಆದರೂ ಹಿಡಿದು ಕೂರಿಸುತ್ತದೆ. ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳನ್ನು ನಿರ್ದೇಶಕ ಪುಟ್ಟಣ್ಣ ಕಣಗಾಲ್ ಇದಕ್ಕಾಗಿ ಹೊಸೆದರು. ಕಾದಂಬರಿಕಾರರಿಗೆ ಮಾತ್ರ ಅದು ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂಬ ಅವರ ಕುಟುಕು ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತದೆ. ಮುನಿಸು ನ್ಯಾಯವಾದದ್ದೇ ಇರಬಹುದು, ಚಿತ್ರ ಮಾತ್ರ ಗೆದ್ದಿತು.

ನಾಯಕ ರಾಮಾಚಾರಿಯಾದ ಹುಡುಗ ಸಂಪತ್‌ಕುಮಾರ್. ವಿಷ್ಣುವರ್ಧನ್ ಎಂಬ ಹೆಸರು ಪುಟ್ಟಣ್ಣನವರೇ ಇಟ್ಟದ್ದು. ನಾಯಕಿ ಅಲಮೇಲುವನ್ನು ಕಾಡುವ ಪುಂಡ ಜಲೀಲನಾಗಿ ಅಂಬರೀಶ್ ತೆರೆಗೆ ಬಂದದ್ದೂ ಇಲ್ಲೇ. ಇಬ್ಬರು ತಾರೆಯರು ಒಂದೇ ಚಿತ್ರದಲ್ಲಿ ಹುಟ್ಟಿದ್ದು ಕಡಿಮೆ ಮಾತಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಚಿತ್ರದುರ್ಗದ ವೀರವನಿತೆ ಓಬವ್ವನ ಭಾಗ. ಒನಕೆ ಹಿಡಿದ ಜಯಂತಿ ತೆರೆಯ ಮೇಲಿರುವುದು ಕೆಲವೇ ನಿಮಿಷ. ಆದರೆ ಓಬವ್ವ ಎಂದೊಡನೆ ಎಷ್ಟೋ ಕನ್ನಡಿಗರ ಕಣ್ಣಿಗೆ ಬರುವುದು ಅವರದೇ ಮುಖ. ಚಿತ್ರದುರ್ಗದ ಬಂಡೆಗಳನ್ನೂ ಪುಟ್ಟಣ್ಣ ಪಾತ್ರಗಳಂತೆಯೇ ದುಡಿಸಿಕೊಂಡಿದ್ದಾರೆ. 1974ರಲ್ಲಿ ರಿಷಿ ಕಪೂರ್‌ರನ್ನು ಹಾಕಿ ಇದೇ ಕಥೆಯನ್ನು ಹಿಂದಿಯಲ್ಲೂ ತೆಗೆದರು. ಈ ಕಾವು ಅಲ್ಲಿ ಬರಲಿಲ್ಲ.

ಮುಂದಿನ ಸಲ ಪ್ರಸಾರವಾದಾಗ ಜಾಹೀರಾತಿನ ನಡುವೆ ಎದ್ದು ಹೋಗಬೇಡಿ. ಚಾಮಯ್ಯ ಮೇಷ್ಟ್ರಾದ ಅಶ್ವಥ್ ಅವರ ಒಂದು ನೋಟ ತಪ್ಪಿಹೋದೀತು.