ಕಣ್ಣೀರೂ ಕರುಣರಸವೂ

ಇಸಾವೊ ತಕಹತರು 1988ರಲ್ಲಿ ನಿರ್ದೇಶಿಸಿದ ‘ಮಿಣುಕುಹುಳುಗಳ ಸಮಾಧಿ’ ಎಂಬ ಜಪಾನೀ ಚಿತ್ರವನ್ನು ನೋಡಿದವರು ಬಹುಮಟ್ಟಿಗೆ ಅಳುತ್ತಾರೆ. ಅತ್ತು, ಇದು ಯುದ್ಧವಿರೋಧಿ ಚಿತ್ರವೆಂದು ನಿರ್ಣಯಿಸುತ್ತಾರೆ. ನಿರ್ದೇಶಕರಾದರೋ ಈ ನಿರ್ಣಯವನ್ನು ಒಪ್ಪಲಿಲ್ಲ. ಅವರ ಪಕ್ಷವೇ ಸಾಧುವೆಂದು ತೋರುತ್ತದೆ. 1945ರ ಸೆಪ್ಟೆಂಬರ್ 21ರ ರಾತ್ರಿ ತಾನು ಸತ್ತೆನೆಂದು ಬಾಲಕ ಸೇಯ್ತನು ಆರಂಭದಲ್ಲಿಯೇ ಹೇಳಿಬಿಡುವುದರಿಂದ, ಮುಂದೇನಾಗುವುದೋ ಎಂಬ ಕುತೂಹಲಕ್ಕಿಂತ ಹೇಗಾಯಿತೆಂಬ ವಿಚಾರಕ್ಕೇ ಇಲ್ಲಿ ಎಡೆ ಹೆಚ್ಚು. ತಾಯಿಯನ್ನು ಕೊಂದುದು ಬಾಂಬಿನ ಬೆಂಕಿ. ತಂಗಿ ಸೆತ್ಸುಕೊಳನ್ನು ಕೊಂದುದು ಹಸಿವು. ಆ ಹಸಿವಿಗೆ ಬಂಧುವಿನ ನಿಷ್ಠುರತೆಯೂ ಅಣ್ಣನ ಅಭಿಮಾನವೂ ಕಾರಣವಾದುವು. ಇದನ್ನು ಕಾಣದೆ ಅಳುವುದು ಶೋಕವೇ ಹೊರತು ಕರುಣರಸವಲ್ಲ. ಕಡೆಗೆ ಆ ಮಕ್ಕಳ ಆತ್ಮಗಳು ಆಧುನಿಕ ಕೋಬೆ ನಗರದ ದೀಪಗಳನ್ನು ನೋಡುತ್ತ ಕುಳಿತಿರುತ್ತವೆ. ಆ ದೀಪಗಳಲ್ಲಿ ಪ್ರೇಕ್ಷಕನ ಮನೆಯದೂ ಒಂದು. ಸಹೃದಯನು ಕಣ್ಣೊರಸಿಕೊಂಡ ಮೇಲೆ ಆಲೋಚಿಸತಕ್ಕುದು ಇದನ್ನೇ.