ಜರಡಿಗೆ ಕಾಣದ್ದು

2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಎಂಜಿನ್ 665 ಸೆಕೆಂಡು ಉರಿಯಿತು. ವಿಪ್ರೋ ತ್ರೀಡಿ ಕಂಪನಿ ಲೋಹದ ಪುಡಿಯಿಂದ ಮುದ್ರಿಸಿಕೊಟ್ಟ ಎಂಜಿನ್ ಅದು. 14 ಭಾಗಗಳು ಒಂದಾದವು, 19 ಬೆಸುಗೆಗಳು ಇಲ್ಲವಾದವು. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಇಸ್ರೋ ಪ್ರಕಟಣೆಯಲ್ಲಿ ಕಣ್ಣಿಗೆ ಬೀಳುವ ಅಂಕಿ ಬೇರೆ: 565 ಕೆ.ಜಿ. ಲೋಹದ ಜಾಗದಲ್ಲಿ 13.7 ಕೆ.ಜಿ. ಪುಡಿ. ಆ ಅಂಕಿಗೆ ಸಿಕ್ಕ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು.

ಯಂತ್ರದೊಳಗೆ ಪುಡಿಯನ್ನು ಪದರ ಪದರವಾಗಿ ಹರಡುತ್ತಾರೆ. ಲೇಸರ್ ತಾಗಿದಲ್ಲಷ್ಟೇ ಅದು ಕರಗಿ ಕೂಡಿಕೊಳ್ಳುತ್ತದೆ. ಸುತ್ತ ಉಳಿದದ್ದು, ಎಷ್ಟೋ ಸಲ ಕರಗಿದ್ದಕ್ಕಿಂತ ಹೆಚ್ಚು, ಜರಡಿ ಹಿಡಿಸಿಕೊಂಡು ಮುಂದಿನ ಮುದ್ರಣಕ್ಕೆ ಹೋಗುತ್ತದೆ. ಈ ಮರುಬಳಕೆಯಿಲ್ಲದೆ ಉಳಿತಾಯವೆಂಬುದು ಬಾಯಿಮಾತು. 13.7 ಎನ್ನುವಾಗ ಪುಡಿಯ ತೂಕ ತಿಳಿಯಿತು, ವಯಸ್ಸು ತಿಳಿಯಲಿಲ್ಲ.

ಮೊಳಕಾಲ್ಮೂರಿನ ಕಡೆ ಬಿತ್ತನೆಗೆ ಮುಂಚೆ ಹೋದ ವರ್ಷದ ಶೇಂಗಾ ಬಿಡಿಸುವುದನ್ನು ಕಂಡವರಿಗೆ ನನ್ನ ತಕರಾರು ಬೇಗ ಅರ್ಥವಾದೀತು. ಜರಡಿ ಸಣ್ಣ ಬೀಜವನ್ನು ಉದುರಿಸುತ್ತದೆ. ಮುಗ್ಗಿದ ಬೀಜ ದಪ್ಪಗಿದ್ದರೆ ಮೇಲೆಯೇ ಉಳಿಯುತ್ತದೆ. ಅದನ್ನು ಹೆಂಗಸರು ಬೆರಳಲ್ಲಿ ಹೊರಳಿಸಿ, ಸಿಪ್ಪೆಯ ಬಣ್ಣ ನೋಡಿ ಆರಿಸಿ ತೆಗೆಯಬೇಕು. ಪುಡಿಯದೂ ಇದೇ ಕಥೆ. 15ರಿಂದ 50 ಮೈಕ್ರಾನ್ ಆಸುಪಾಸಿನ ಕಣಗಳ ನಡುವೆ ಲೇಸರ್ ಸಿಡಿಸಿದ ದಪ್ಪ ಹನಿಗಳನ್ನು ಜರಡಿ ತಡೆಯುತ್ತದೆ. ಮೈಗೆ ಆಕ್ಸೈಡ್ ಕಟ್ಟಿದ ಸಣ್ಣ ಹನಿ ಸಲೀಸಾಗಿ ಇಳಿದುಹೋಗುತ್ತದೆ. ಟೈಟಾನಿಯಂನಲ್ಲಿ ಆಮ್ಲಜನಕ ಏರಿದರೆ ಎಳೆತದ ಬಲ ಹೆಚ್ಚಿದಂತೆ ಕಾಣುತ್ತದೆ, ಹಿಗ್ಗುವ ಗುಣ ಇಳಿಯುತ್ತದೆ. ಬಲವನ್ನಷ್ಟೇ ಅಳೆದವನು ಮೋಸಹೋಗುತ್ತಾನೆ. ಅದಕ್ಕೇ ಟೈಟಾನಿಯಂ ಮಿಶ್ರಲೋಹಗಳಲ್ಲಿ ಗ್ರೇಡ್ 5ಕ್ಕೆ ಶೇ 0.20, ಗ್ರೇಡ್ 23ಕ್ಕೆ ಶೇ 0.13ರ ಆಮ್ಲಜನಕದ ಮಿತಿ. ಅಲ್ಯೂಮಿನಿಯಂ ಪುಡಿ ತೇವ ಹೀರಿದರೆ ಹೈಡ್ರೋಜನ್ ಗುಳ್ಳೆಗಳು ಮುದ್ರಿಸಿದ ಭಾಗದ ಒಳಗೇ ಉಳಿಯುತ್ತವೆ. ನಿಕ್ಕಲ್ ಮಿಶ್ರಲೋಹಗಳ ತಾಳಿಕೆ ಇವೆರಡಕ್ಕಿಂತ ಹೆಚ್ಚು.

ಹಾಗೆಂದು ಹೊಸ ಪುಡಿಯೊಂದೇ ಪರಿಶುದ್ಧ ಎನ್ನುವವರನ್ನೂ ನಾನು ಒಪ್ಪಲಾರೆ. ನುಣ್ಣನೆಯ ಕಣಗಳು ಕಳೆದುಹೋದ ಹಳೆಯ ಪುಡಿ ಎಷ್ಟೋ ಸಲ ಹೊಸದಕ್ಕಿಂತ ಚೆನ್ನಾಗಿ ಹರಿಯುತ್ತದೆ. ‘ಎಷ್ಟು ಸಲ ಬಳಸಬಹುದು?’ ಎಂಬ ಅವರ ಮೆಚ್ಚಿನ ಪ್ರಶ್ನೆಯೇ ದಾರಿ ತಪ್ಪಿದ್ದು. ಐದು ಸಲ ಬಳಸಿದ ಪುಡಿಗೆ ಹೊಸದನ್ನು ಬೆರೆಸಿದರೆ ಆ ಮಿಶ್ರಣದ ವಯಸ್ಸೆಷ್ಟು? ಲೇಸರಿನ ಪಕ್ಕದಲ್ಲೇ ಬೆಂದ ಕಣಕ್ಕೂ ಮೂಲೆಯಲ್ಲಿ ತಣ್ಣಗಿದ್ದ ಕಣಕ್ಕೂ ಒಂದೇ ಲೆಕ್ಕವೇ? ಪ್ರತಿ ಮುದ್ರಣಕ್ಕೆ ಮುಂಚೆ ಆಮ್ಲಜನಕ, ತೇವ, ಕಣಗಾತ್ರ ಅಳೆದು ಬರೆದಿಡಲಿ. ಜೊತೆಗೆ ಮುದ್ರಿಸಿದ ಮಾದರಿ ತುಂಡನ್ನು ಒಮ್ಮೆ ಎಳೆದು ಸುಮ್ಮನಾಗದೆ, ಲಕ್ಷಾಂತರ ಸಲ ಜಗ್ಗಿ ಬಿಡುವ ಫಟೀಗ್ ಪರೀಕ್ಷೆಗೂ ಒಡ್ಡಲಿ.

ಮುಂದಿನ ಎಂಜಿನ್ನಿನ ಪ್ರಕಟಣೆಯಲ್ಲಿ ಪುಡಿಯ ತೂಕದ ಪಕ್ಕದಲ್ಲಿ ಅದರ ಆಮ್ಲಜನಕದ ಅಂಕಿಯೂ ಇರಲಿ. ಅಂದು ಆ ಉಳಿತಾಯವನ್ನು ಮನಸಾರೆ ಹೊಗಳುತ್ತೇನೆ.